ಹಿಂದಿನ ಸಾಲಿನಲ್ಲಿ ರಫೀಕ ಇದ್ದಾನೇನು?

ಹೋದ ತಿಂಗಳು ಒಂದು ರವಿವಾರ ಮಧ್ಯಾಹ್ನ ವಡಗಾವಿಯ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತು ಅಮೆರಿಕದ ಹಿಪ್‌ಹಾಪ್ ಹಾಡುಗಳ ವಿಡಿಯೋ ನೋಡಿದೆವು. ನಗಬೇಡಿ. ಪೂರ್ತಿ ಕ್ಯಾಸೆಟ್ಟು ನೋಡಿದೆವು, ಒಂದು ಹಾಡನ್ನೂ ಬಿಡದೆ.

ಹಾಡು ಕೇಳುವ ಹುಚ್ಚಿಗಲ್ಲ. ಆ ಹಾಡುಗಳ ನಡುವೆ ಎಲ್ಲೋ ಒಂದು ಕಡೆ ನಮ್ಮ ಬಾಜೂ ಮನೆಯ ರಫೀಕ ಬರುತ್ತಾನೆ ಎಂದು.

ರಫೀಕ ಹಲೀಮಾ ಚಾಚಿಯ ಒಬ್ಬನೇ ಮಗ. ದುಬೈಗೆ ಹೋಗಿ ನಾಲ್ಕು ವರ್ಷವಾಯಿತು, ಅಲ್ಲಿ ಯಾರದೋ ಮನೆಯ ಕಾರು ಓಡಿಸುತ್ತಾನೆ. ಹೋದವನು ಒಮ್ಮೆಯೂ ಬಂದಿಲ್ಲ. ಚಾಚಿ ಇಲ್ಲಿ ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾ, ಮಗಳು ಶಮೀಮಳ ಮದುವೆಯ ತಯಾರಿ ಮಾಡುತ್ತಾ, ಮಗನ ದಾರಿ ಕಾಯುತ್ತಾ ಇದ್ದಾಳೆ. ಮೂರೂ ಕೆಲಸ ಒಟ್ಟಿಗೇ ನಡೆಯುತ್ತವೆ.

ಚಾಚಿಗೆ ಓದು ಬರಹ ಬರುವುದಿಲ್ಲ. ಹಾಗಾಗಿ ತಾಯಿ ಮಗನ ನಡುವೆ ಓಡಾಡುವುದು ಟೇಪ್ ರೆಕಾರ್ಡರಿನ ಕ್ಯಾಸೆಟ್ಟು. ಅವನು ಒಂದು ಬದಿಗೆ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಾನೆ. ಚಾಚಿ ಇನ್ನೊಂದು ಬದಿಗೆ ಮಾತಾಡಿ ವಾಪಸು ಹೋಗುವವರ ಕೈಯಲ್ಲಿ ಕಳಿಸುತ್ತಾಳೆ. ಅವಳು ಮಾತಾಡುವಾಗ ಬಾಗಿಲು ಹಾಕಿಕೊಳ್ಳುವಂತಿಲ್ಲ. ಓಣಿಯ ಮಗ್ಗಗಳ ಸದ್ದೂ ಟೇಪಿನಲ್ಲಿ ಬರಬೇಕು ಎಂದು ರಫೀಕನ ತಾಕೀತು. (ಮಗ್ಗದ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಮೊದಲು ಗೊಣಗುತ್ತಿದ್ದವನೂ ಇವನೇ.)

ಇಂಥ ಮನೆಗೆ ಹೋದ ತಿಂಗಳು ಒಂದು ವಿಡಿಯೋ ಕ್ಯಾಸೆಟ್ಟು ಬಂತು. ದುಬೈಯಿಂದ ರಜೆಗೆ ಬಂದ ಪೀರನವಾಡಿಯವರೊಬ್ಬರು ತಂದುಕೊಟ್ಟರು. ರಿಕ್ಷಾ ನಿಲ್ಲಿಸಿ ಬಂದಿದ್ದರು, ಕುಳಿತುಕೊಳ್ಳಲೂ ಇಲ್ಲ. ರಫೀಕ ಕೊಟ್ಟಿದ್ದಾನೆ, ಶಾದಿಯ ಸಲುವಾಗಿ ಎಂದಷ್ಟೇ ಹೇಳಿ ಹೋದರು.

ಇದುವರೆಗೆ ಬಂದ ಕ್ಯಾಸೆಟ್ಟಿನಲ್ಲೆಲ್ಲ ಮಗನ ಧ್ವನಿ ಇತ್ತು. ಈಗ ಬಂದಿರುವುದು ವಿಡಿಯೋ. ಅಂದಮೇಲೆ ಅದರಲ್ಲಿ ಏನಿರಬೇಕು? ಮಗನ ಮುಖ ಇರಬೇಕು. ತಂಗಿಯ ಮದುವೆಗೆ ಬರುತ್ತಾನೋ ಇಲ್ಲವೋ ಎಂದು ಅವನು ಇನ್ನೂ ಹೇಳಿರಲಿಲ್ಲ, ಅದನ್ನು ಎದುರಿಗೇ ನಿಂತು ಹೇಳುತ್ತಾನೆ. ಚಾಚಿ ಹೀಗೆ ಲೆಕ್ಕ ಹಾಕಿದಳು. ಓಣಿಯೂ ಹಾಕಿತು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ, ಓಣಿಗೆಲ್ಲ ಬಾಯಾರಾದ ನಾನೂ ಹಾಕಿದೆ.

ನಮ್ಮ ಮನೆಯ ಕಲರ್ ಟಿವಿಯ ಬಗ್ಗೆ ಇದೇ ಅಂಕಣದಲ್ಲಿ ಬರೆದು ನಿಮ್ಮಿಂದ ಬೈಸಿಕೊಂಡವಳು ನಾನು. ಓಣಿಗೆ ಅದೊಂದೇ. ನಮ್ಮವರು ಪೇಟೆಯಿಂದ ಬಾಡಿಗೆ ವಿಸಿಆರ್ ತಂದು, ವೈರು ಜೋಡಿಸಿ, ಹೆಂಗಸರ ಗದ್ದಲ ನೋಡಿ ಮೆಲ್ಲಗೆ ಹೊರಗೆ ಜಾರಿದರು. ಚಾಚಿ ಹೊಸ ಸೀರೆ ಉಟ್ಟು ಬಂದಿದ್ದಳು. ಮಗನಿಗೆ ತಾನು ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲವೇ? ಗೊತ್ತು. ಆದರೂ ಉಟ್ಟಿದ್ದಳು.

ಶುರುವಾಯಿತು.

ಮೊದಲು ಒಂದು ಕಾರು ಬಂತು. ಅಗಲವಾದ, ಉದ್ದವಾದ ಕಾರು, ಮೆಲ್ಲಗೆ, ಮೆರವಣಿಗೆಗೆ ಹೊರಟ ಹಾಗೆ. ಕ್ಯಾಮೆರಾ ನೆಲದ ಮೇಲೆ ಕೂತು ಕತ್ತೆತ್ತಿ ನೋಡುತ್ತಿತ್ತು. ಕಾರಿನಿಂದ ಒಬ್ಬ ಇಳಿದ. ಕೊರಳಲ್ಲಿ ಬಾವಿಯ ಹಗ್ಗದಷ್ಟು ದಪ್ಪ ಬಂಗಾರದ ಚೈನು. ಹಿಂದೆ ಗೀಚಿದ ಗೋಡೆ. ಗೋಡೆಗೆ ಒರಗಿ ಹತ್ತಾರು ಹುಡುಗರು, ಎದೆಯ ಮೇಲೆ ಕೈ ಕಟ್ಟಿಕೊಂಡು, ಒಬ್ಬರ ಮುಖದಲ್ಲೂ ನಗು ಇಲ್ಲ. ಚೈನಿನವನು ಹಾಡಲಿಲ್ಲ. ಕ್ಯಾಮೆರಾಕ್ಕೆ ಬೆರಳು ತೋರಿಸಿ ಜಗಳ ತೆಗೆದ, ತಾಳ ಮಾತ್ರ ತಪ್ಪದೆ. ಅವನ ಜಗಳ ಮುಗಿಯುತ್ತಲೇ ಇನ್ನೊಬ್ಬ ಬಂದು ತಲೆ ನೆಲಕ್ಕೆ ಊರಿ ಗಿರಗಿರ ತಿರುಗಿದ.

ಕ್ಯಾಸೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಹಿಪ್‌ಹಾಪ್ ಎಂದು ಬರೆದಿತ್ತು. ಓದಿ ಹೇಳಿದೆ. ಚಾಚಿ ಹೆಸರಿನ ಕಡೆ ಗಮನ ಕೊಡಲಿಲ್ಲ.

“ಇಷ್ಟ ದೊಡ್ಡ ಹುಡುಗ್ರನ್ನ ಯಾವ ಮಾಸ್ತರ ಕೈ ಕಟ್ಟಿಸಿ ನಿಲ್ಲಿಸ್ಯಾನ್ರಿ ಬಾಯಾರ?” ಎಂದಳು.

ನನಗೂ ಅದೇ ಅನ್ನಿಸಿತ್ತು. ನಮ್ಮಲ್ಲಿ ಕೈ ಕಟ್ಟಿ ನಿಲ್ಲುವುದು ಹೆದರಿದವರು. ಸಾಹೇಬರ ಮುಂದೆ, ಮಾಸ್ತರರ ಮುಂದೆ, ಹೊಸದಾಗಿ ಆದ ಮಾವನವರ ಮುಂದೆ. ಅಲ್ಲಿ ಕೈ ಕಟ್ಟಿದರೆ ಯಾರಿಗೂ ಹೆದರುವುದಿಲ್ಲ ಎಂದು ಅರ್ಥವಂತೆ!

ಎರಡನೆಯ ಹಾಡು ಬಂತು. ಮತ್ತೆ ಕಾರು, ಮತ್ತೆ ಚೈನು, ಮತ್ತೆ ಗೋಡೆ, ಮತ್ತೆ ಕೈ ಕಟ್ಟಿದ ಹುಡುಗರು. ಮೂರನೆಯದರಲ್ಲಿ ಗೋಡೆಯ ಬದಲು ಮಾಳಿಗೆ ಬಂತು. ಉಳಿದದ್ದು ಅದೇ. ಇವರಿಗೆ ಹೊಸದೇನೂ ಹೊಳೆಯುವುದಿಲ್ಲವೇ ಎಂದು ನನಗೆ ಸಿಟ್ಟು ಬಂತು.

ಚಾಚಿಗೆ ಸಿಟ್ಟು ಬರಲಿಲ್ಲ. ಅವಳು ಪಾಠ ಕಲಿಯುತ್ತಿದ್ದಳು. ನಾಲ್ಕನೆಯ ಹಾಡಿನ ಹೊತ್ತಿಗೆ ಆ ವಿಡಿಯೋಗಳ ಸಂಪ್ರದಾಯವೆಲ್ಲ ಅವಳಿಗೆ ಬಾಯಿಪಾಠ. ಕಾರು ಕಂಡ ಕೂಡಲೇ ಎಲ್ಲರನ್ನೂ ಸುಮ್ಮನಾಗಿಸುವಳು, ಈಗ ಹುಡುಗರು ನಿಲ್ಲುತ್ತಾರೆ ಎನ್ನುವಳು. ಚೈನಿನವನನ್ನು ಅವಳು ನೋಡುತ್ತಲೇ ಇರಲಿಲ್ಲ. ಅವನು ತನ್ನ ಮಗ ಅಲ್ಲ ಎಂದು ಗೊತ್ತಾಯಿತಲ್ಲ, ಮುಗಿಯಿತು. ಅವಳ ಕಣ್ಣು ಹಿಂದಿನ ಸಾಲಿನ ಮೇಲೆ.

“ತಡೀರಿ ಬಾಯಾರ, ನಿಲ್ಲಸ್ರಿ. ಆ ಮೂಲ್ಯಾಗ ಟೋಪಿ ಹಾಕ್ಕೊಂಡಾಂವ ನಮ್ಮ ರಫೀಕ ಏನ ನೋಡ್ರಿ.”

ನಾನು ಪಾಸ್ ಬಟನ್ ಒತ್ತಿದೆ. ಚಿತ್ರ ನಿಂತು ನಡುಗತೊಡಗಿತು. ಮುಖಗಳ ಮೇಲೆ ಬಿಳಿ ಗೆರೆಗಳು ಹರಿದವು. ಚಾಚಿ ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ನೋಡಿದಳು. ಅಲ್ಲ, ರಫೀಕನ ಕಿವಿ ಇನ್ನೂ ದೊಡ್ಡವು ಎಂದು ಬಂದು ಕೂತಳು. ಮುಂದಿನ ಹಾಡಿಗೆ ಮತ್ತೆ ಎದ್ದಳು.

ಅಮೆರಿಕ ಬೇರೆ, ದುಬೈ ಬೇರೆ ಎಂದು ನಾನು ಭೂಗೋಳದ ಪಾಠ ಮಾಡಬಹುದಿತ್ತು. ದಿನವೂ ಮಾಡುವುದು ಅದನ್ನೇ ತಾನೇ? ಆದರೆ ನಿಜ ಹೇಳುತ್ತೇನೆ, ಆರನೆಯ ಹಾಡಿನ ಹೊತ್ತಿಗೆ ನಾನೂ ಹಿಂದಿನ ಸಾಲನ್ನೇ ನೋಡುತ್ತಿದ್ದೆ. ಎಲ್ಲರೂ ನೋಡುತ್ತಿದ್ದರು. ರಫೀಕ ಅಲ್ಲಿ ಇದ್ದುಬಿಡಲಿ, ಭೂಗೋಳ ಹಾಳಾಗಿ ಹೋಗಲಿ ಎಂದು ನನಗೆ ಅನ್ನಿಸಿತ್ತು.

ಕ್ಯಾಸೆಟ್ಟು ಮುಗಿಯಿತು. ಬರೀ ಬಿಳಿ ಚುಕ್ಕೆ, ಬರೀ ಸರ್ರೆನ್ನುವ ಸದ್ದು. ಚಾಚಿ ಅದನ್ನೂ ಸ್ವಲ್ಪ ಹೊತ್ತು ನೋಡಿದಳು.

ಮುಂದಿನ ವಾರ ಇನ್ನೊಬ್ಬರ ಕೈಯಲ್ಲಿ ಎಂದಿನ ಮಾತಿನ ಕ್ಯಾಸೆಟ್ಟು ಬಂತು. ಆಗ ಗೊತ್ತಾಯಿತು. ವಿಡಿಯೋದ ಹಾಡುಗಳು ರಫೀಕನ ಕೋಣೆಯ ಜೊತೆಗಾರ ಯಾರೋ ತುಂಬಿಸಿಕೊಂಡಿದ್ದಂತೆ. ಒಳ್ಳೆಯ ಟೇಪು, ಊರಲ್ಲಿ ಇಂಥದ್ದು ಸಿಗುತ್ತದೋ ಇಲ್ಲವೋ ಎಂದು ಕೇಳಿ ಪಡೆದು ಕಳಿಸಿದ್ದಾನೆ. ಹಾಡು ಅಳಿಸಿ ಅದರ ಮೇಲೆ ಶಮೀಮಳ ಮದುವೆ ತುಂಬಿಸಿ ಕಳಿಸಬೇಕು. ಅವನಿಗೆ ರಜೆ ಇಲ್ಲ. ಸೇಠ್ ಪಾಸ್‌ಪೋರ್ಟ್ ಕೊಡುತ್ತಿಲ್ಲ.

ಅವನನ್ನು ನೋಡಲು ಇವಳು ಹಾತೊರೆದಳು, ಇವರನ್ನೆಲ್ಲ ನೋಡಲು ಅವನು ಹಾತೊರೆದ. ನಡುವೆ ಅದೊಂದು ಕ್ಯಾಸೆಟ್ಟು, ಅದರ ತುಂಬ ಯಾರದೋ ಊರಿನ ಯಾರದೋ ಮಕ್ಕಳು.

ಚಾಚಿ ಟೇಪನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. “ಹಂಗಾರ ಅಂವ ಬರೂದಿಲ್ಲ” ಎಂದಳು. ಎದ್ದು ಹೋಗಿ ಕಂಡಿಕೆ ಸುತ್ತಲು ಕೂತಳು.

ಮದುವೆ ಖಾನಾಪುರದಲ್ಲಿ ನಡೆಯಿತು, ಚಾಚಿಯ ಅಣ್ಣನ ಮನೆಯಲ್ಲಿ. ವಡಗಾವಿಯ ನಮ್ಮ ಓಣಿಯಲ್ಲಿ ಪೆಂಡಾಲ್ ಹಾಕಿದರೆ ಸೈಕಲ್ಲು ಕೂಡ ದಾಟುವುದಿಲ್ಲ. ವರ ಅಲ್ಲೇ ಹತ್ತಿರದ ಬೀಡಿ ಎಂಬ ಊರಿನವನು. ನಾವು ಓಣಿಯವರೆಲ್ಲ ಒಂದು ಟೆಂಪೋ ಮಾಡಿಕೊಂಡು ಹೋದೆವು.

ವಿಡಿಯೋ ತೆಗೆಯಲು ಖಾನಾಪುರದ ಒಬ್ಬ ಬಂದಿದ್ದ. ಅವನಿಗೂ ಅವನದೇ ಸಂಪ್ರದಾಯ. ಮೊದಲು ಪೆಂಡಾಲಿನ ಗೇಟು. ಆಮೇಲೆ ಮೆಹಂದಿಯ ಕೈ. ಆಮೇಲೆ ಊಟದ ಸಾಲು, ಪ್ರತಿಯೊಬ್ಬರ ಬಾಯಿಗೂ ಲೈಟು. (ನನ್ನ ಬಾಯಲ್ಲಿ ಆಗ ಇದ್ದದ್ದು ಎಲುಬಲ್ಲ ನೋಡಿ, ನಮ್ಮಂಥ ಲಿಂಗಾಯತರಿಗೆ ಬೇರೆ ಮಾಡಿಸಿದ್ದ ಊಟದ ಜಿಲೇಬಿ. ಕ್ಯಾಮೆರಾಕ್ಕೆ ಹೆದರಿ ನುಂಗಲೂ ಆಗಲಿಲ್ಲ.) ಸ್ಟುಡಿಯೋದಲ್ಲಿ ಫೋಟೋ ತೆಗೆಸುವಾಗ ನಾವು ಮಾಡುವುದೇನು? ಅದೇ ಬಣ್ಣದ ಪರದೆ, ಅದೇ ಪ್ಲಾಸ್ಟಿಕ್ ಹೂವು, ಗಂಡನ ಹೆಗಲ ಮೇಲೆ ಹೆಂಡತಿಯ ಅದೇ ಕೈ. ಆ ಹುಡುಗರ ಕಾರು, ಚೈನಿನ ಬಗ್ಗೆ ಸಿಟ್ಟಾಗುವ ಹಕ್ಕು ನನಗೆಲ್ಲಿತ್ತು?

ಬಿದಾಯಿಯ, ಮದುಮಗಳನ್ನು ಕಳಿಸಿಕೊಡುವ ಹೊತ್ತು ಬಂತು. ಇವರಲ್ಲಿ ಮದುಮಗಳನ್ನು ಕೈ ಹಿಡಿದು ಕಾರಿಗೆ ಹತ್ತಿಸುವವನು ಅವಳ ಅಣ್ಣ. ಹೂವಿನ ಸರ ಕಟ್ಟಿದ ಅಂಬಾಸಿಡರ್ ಬಾಗಿಲಲ್ಲಿ ನಿಂತಿತ್ತು. ಇನ್ನು ರಫೀಕನ ಬದಲಿಗೆ ಮಾಮಾ ಹತ್ತಿಸಬೇಕು ಎಂದು ಹಿರಿಯರು ಮಾತಾಡಿಕೊಂಡು, ಚಾಚಿಯ ಅಣ್ಣ ಮುಂದೆ ಬಂದರು.

ಚಾಚಿ ತಡೆದಳು.

ಎಲ್ಲರನ್ನೂ ಕಾರಿನ ಹತ್ತಿರ ಕರೆದಳು. ಅಣ್ಣನ ಮನೆಯವರು, ವಡಗಾವಿಯವರು, ಕಂಡಿಕೆ ಸುತ್ತುವ ಹೆಂಗಸರು, ಮಗ್ಗದ ಮಾಲಕರು, ನಾನು, ನಮ್ಮವರು. ಕಾರಿಗೆ ಒರಗಿಸಿ ಸಾಲಾಗಿ ನಿಲ್ಲಿಸಿದಳು. ಎತ್ತರದವರನ್ನು ಹಿಂದಕ್ಕೆ ಕಳಿಸಿದಳು. ಕೈ ಕಟ್ಟಿಕೊಳ್ಳಿ ಎಂದಳು. ನಗಬೇಡಿ ಎಂದಳು. ಬುರ್ಖಾದ ಅಜ್ಜಿಯರೂ ಕೈ ಕಟ್ಟಿದರು. ಶಮೀಮಳನ್ನು ಜರಿಯ ಸೆರಗಿನ ಸಮೇತ ಸಾಲಿನ ನಡುವೆ ನಿಲ್ಲಿಸಿ, ಮೈಮೇಲಿದ್ದ ಬಂಗಾರವನ್ನೆಲ್ಲ ಕಾಣುವ ಹಾಗೆ ಹೊರಗೆ ಎಳೆದಳು. ಬೀಡಿಯ ಬೀಗರು ಗಾಬರಿಯಾಗಿ ನೋಡುತ್ತಿದ್ದರು. ವಡಗಾವಿಯ ನಮಗೆ ಮಾತ್ರ ಅರ್ಥವಾಗಿತ್ತು. ಯಾರೂ ಹೇಳಿಕೊಡದೆ ನಾವು ಮುಖ ಬಿಗಿದುಕೊಂಡೆವು.

ಕೊನೆಗೆ ಚಾಚಿಯೂ ಬಂದು ಹಿಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ನಿಂತಳು.

ಸಾಲಿನ ಮುಂದೆ, ಕ್ಯಾಮೆರಾದ ಎದುರಿಗೆ, ಖಾಲಿ ಜಾಗ. ಚೈನಿನವನು ನಿಲ್ಲುವ ಜಾಗ.

ವಿಡಿಯೋದವನು ಕ್ಯಾಮೆರಾದಿಂದ ಕಣ್ಣು ತೆಗೆದು ನೋಡಿದ. “ಮಾವಶಿ, ಮುಂದ ರಿಕಾಮಿ ಕಾಣ್ತೈತ್ರಿ. ನೀವರ ಬರ್ರಿ ಮುಂದ” ಎಂದ.

“ಅದು ರಫೀಕನ ಜಾಗಾ ಐತಿ” ಎಂದಳು ಚಾಚಿ. “ದುಬೈದಾಗ ಟಿವಿ ಮುಂದ ಕುಂದರ್ತಾನಲ್ಲಾ, ಆವಾಗ ಮುಂದ ಅಂವನ ಇರ್ತಾನ. ನಾವ ಎಲ್ಲಾರೂ ಅಂವನ ಹಿಂದ. ನೀ ತಗಿಯಪಾ.”

ಅವನು ತೆಗೆದ. ಯಾರೂ ಅಲುಗಾಡಲಿಲ್ಲ. ಬಲಗಡೆ ಮಾಮಾ ಅಳುತ್ತಿದ್ದರು, ಕಟ್ಟಿದ ಕೈ ಬಿಡದೆ. ನನಗೂ ಕಣ್ಣು ತುಂಬಿತು, ಒರೆಸಿಕೊಳ್ಳುವ ಹಾಗಿರಲಿಲ್ಲ. ಆ ಹಾಡುಗಳಲ್ಲಿ ಕಾರು ಇಲ್ಲದೆ ನಡೆದೀತು, ಚೈನು ಇಲ್ಲದೆಯೂ ನಡೆದೀತು. ಹಿಂದಿನ ಸಾಲಿಲ್ಲದೆ ಯಾಕೆ ನಡೆಯುವುದಿಲ್ಲ ಎಂದು ನನಗೆ ಅಲ್ಲಿ ನಿಂತಾಗ ತಿಳಿಯಿತು. ಮುಂದೆ ನಿಂತವನು ಎಷ್ಟೇ ಜೋರು ಮಾಡಲಿ, ಅವನು ಹೇಳುತ್ತಿರುವುದು ಒಂದೇ ಮಾತು: ನನಗೆ ಜನ ಇದ್ದಾರೆ.

ಹೋದ ರವಿವಾರ ಮತ್ತೆ ವಿಸಿಆರ್ ತಂದೆವು, ಕಳಿಸುವ ಮೊದಲು ಒಮ್ಮೆ ನೋಡೋಣ ಎಂದು. ಗೇಟು, ಮೆಹಂದಿ, ಜಿಲೇಬಿ ತುಂಬಿದ ನನ್ನ ಬಾಯಿ, ಎಲ್ಲ ಬಂತು. ಕಡೆಗೆ ಕಾರು, ಕೈ ಕಟ್ಟಿದ ನಾವು. ಅಲ್ಲಿಗೆ ಮದುವೆ ಮುಗಿಯಿತು, ಟೇಪು ಮುಗಿದಿರಲಿಲ್ಲ. ಒಂದು ಕ್ಷಣ ಬಿಳಿ ಚುಕ್ಕೆ. ಆಮೇಲೆ, ಅಳಿಸದೆ ಉಳಿದ ಹಾಡಿನ ನಡುವಿನಿಂದ, ಅದೇ ಗೋಡೆ, ಅದೇ ಹುಡುಗರು, ಕೈ ಕಟ್ಟಿಕೊಂಡು.

ನಮ್ಮವರು, ಇದನ್ನೂ ಅಳಿಸಿಬಿಡೋಣವೇ ಎಂದು ಕೇಳಿದರು.

“ಬ್ಯಾಡ್ರಿ” ಎಂದಳು ಚಾಚಿ. “ಅವರೂ ನಿಂದರ್ಲಿ.”

ಪೀರನವಾಡಿಯವರ ರಜೆ ಮುಗಿದಿತ್ತು. ಬುಧವಾರ ಅವರ ಕೈಯಲ್ಲೇ ಕ್ಯಾಸೆಟ್ಟು ಹೋಯಿತು. ಈ ಸಲ ಅವರನ್ನು ಚಾಚಿ ಕೂರಿಸಿ, ಚಹಾ ಕೊಟ್ಟು, ಮುಂದಿನ ಖಾಲಿ ಜಾಗ ಅವನದು, ನಾವೆಲ್ಲ ಅವನ ಹಿಂದೆ ಎಂದು ಮತ್ತೆ ಮತ್ತೆ ಹೇಳಿ ಕಳಿಸಿದ್ದಾಳೆ. ನೀವು ಇದನ್ನು ಓದುವ ಹೊತ್ತಿಗೆ ರಫೀಕ ಯಾರದೋ ಕೋಣೆಯಲ್ಲಿ, ಯಾರದೋ ಟಿವಿಯ ಮುಂದೆ ಕೂತು ನೋಡಿರುತ್ತಾನೆ.

ನೋಡುತ್ತ ನೋಡುತ್ತ ಅವನು ಒಮ್ಮೆಯಾದರೂ ಹಿಂದಕ್ಕೆ ತಿರುಗಿ ನೋಡಿರುತ್ತಾನಾ?