ತೆರಕಣಾಂಬಿಯ ವಿಭೂತಿ

ನೇಪಾಳ, ಥಾಯ್ಲೆಂಡ್ ಸುತ್ತಿ ಯೇಸುವಿನ ಸುವಾರ್ತೆ ಸಾರಿ ಬಂದ ನಾವು ಮೂವರು ಗೆಳೆಯರು ತೆರಕಣಾಂಬಿಯ ಟೀ ಅಂಗಡಿಯಲ್ಲಿ ಕುಸಿದು ಕೂತೆವು. ಸಂಜೆ ಗುಂಡ್ಲುಪೇಟೆಯ ಸಭೆಯಲ್ಲಿ ಕೊನೆಯ ಪ್ರಸಂಗ. ನಮ್ಮಲ್ಲಿ ಅದನ್ನು ಮಾಡಬೇಕಾದ ಪಾಸ್ಟರ್ ಸ್ಯಾಮುಯೆಲ್‌ಗೆ ಜ್ವರ.

"ಯಾಕಪ್ಪಾ, ಮಕ ಇಂಗ್ ಬಾಡೋಗದಲ್ಲ? ಯಾರ್ ಕಣ್ಣು ಬಿತ್ತೋ," ಎನ್ನುತ್ತ ಅಂಗಡಿಯ ಅಜ್ಜಿ, ನಾವು ಬಾಯಿ ತೆರೆಯುವ ಮೊದಲೇ ಅವನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದೇಬಿಟ್ಟರು. ಏಷ್ಯಾಖಂಡವನ್ನೇ ಆಶೀರ್ವದಿಸಲು ಹೊರಟವರಿಗೆ ದಾರಿಯಲ್ಲಿ ಸಿಕ್ಕ ಮೊದಲ ಆಶೀರ್ವಾದ ಅದು.

ಬಸ್ಸಿನಲ್ಲಿ ನಮ್ಮ ಇನ್ನೊಬ್ಬ ಗೆಳೆಯ ಥಾಮಸ್ ಗಾಬರಿಯಿಂದ ಕರ್ಚೀಫು ಚಾಚಿದ. "ಒರೆಸ್ಕೊಳ್ಳಯ್ಯ, ಸಭೆಯವರು ನೋಡಿದ್ರೆ ಏನಂದಾರು?"

"ಊರು ಬರಲಿ ಬುಡ್ಲಾ, ಈಗ ತಣ್ಣಗದೆ," ಎಂದು ಸ್ಯಾಮುಯೆಲ್ ಕಣ್ಣು ಮುಚ್ಚಿದ.

ಗುಂಡ್ಲುಪೇಟೆ ಹತ್ತಿರವಾದಾಗ ಥಾಮಸ್ ಅವನನ್ನು ಎಬ್ಬಿಸಲಿಲ್ಲ. ಕರ್ಚೀಫನ್ನು ಮಡಚಿ, ಅವನ ತಲೆಗೂ ಕಿಟಕಿಯ ಸರಳಿಗೂ ನಡುವೆ ಇಟ್ಟ.