ಸುಟ್ಟ ಗುಡ್ಡದ ಹದಿನೇಳು ಗಿಡ

ಬೆಳಗಿನ ಆರು ಗಂಟೆ. ಕಡಬ ಮತ್ತು ಸುಳ್ಯ ತಾಲೂಕುಗಳ ಗಡಿಯಲ್ಲಿರುವ ಮುಂಡ್ಕಜೆ ಗುಡ್ಡವನ್ನು ಶೀಲಾವತಿ ಏರುತ್ತಿದ್ದಾರೆ. ತಲೆಯ ಮೇಲೆ ಹತ್ತು ಲೀಟರಿನ ಕ್ಯಾನು, ಕೈಯಲ್ಲಿ ಕತ್ತಿ. ಏಪ್ರಿಲ್ ಕೊನೆಯ ವಾರ. ಈ ಹೊತ್ತಿಗೂ ಹುಲ್ಲಿನ ಮೇಲೆ ಒಂದು ಹನಿ ಇಬ್ಬನಿ ಇಲ್ಲ. ಮೊಣಕಾಲೆತ್ತರದ ಧೂಪದ ಗಿಡವೊಂದರ ಬಳಿ ಕೂತು ಬುಡದ ತರಗೆಲೆ ಸರಿಸುತ್ತಾರೆ. ತೆಂಗಿನ ಗೆರಟೆಯಲ್ಲಿ ಅಳೆದು ಎರಡು ಸಲ ನೀರು ಹೊಯ್ದು, ತರಗೆಲೆಯನ್ನು ಮತ್ತೆ ಮುಚ್ಚುತ್ತಾರೆ. ಮೂರನೆಯ ಗೆರಟೆ ಇಲ್ಲ.

"ಇದಕ್ಕೆ ಜಾಸ್ತಿ ಕೊಟ್ರೆ ಕೊನೆಯದ್ದಕ್ಕೆ ಇಲ್ಲ. ಲೆಕ್ಕ ಮಾಡಿಯೇ ಹೊಯ್ಯುದು" ಎನ್ನುತ್ತಾರೆ.

ಬೆಳ್ಳಾರೆ ಸಮೀಪದ ಶೀಲಾವತಿಗೆ ಈಗ ಐವತ್ಮೂರು. ಅರಣ್ಯ ಇಲಾಖೆಯ ಸಸಿತೋಟದಲ್ಲಿ ಹತ್ತೊಂಬತ್ತು ವರ್ಷಗಳಿಂದ ದಿನಗೂಲಿ. ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಈ ಗುಡ್ಡ ನಾಲ್ಕು ದಿನ ಉರಿದಿತ್ತು. ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೆಲಸದಲ್ಲಿದ್ದ ಅವರ ಗಂಡ ಬೆಳ್ಯಪ್ಪ ಹಸಿ ಸೊಪ್ಪಿನಿಂದ ಬಡಿದು ಬಡಿದು ಬೆಂಕಿ ಆರಿಸಿದವರಲ್ಲೊಬ್ಬರು. ನಾಲ್ಕನೆಯ ದಿನ ಉರಿಯುತ್ತಿದ್ದ ದಿಮ್ಮಿ ಉರುಳಿ ಅವರ ಬಲ ಮೊಣಕಾಲು ಜಜ್ಜಿ ಹೋಯಿತು. ಅಂದಿನಿಂದ ಅವರು ಗುಡ್ಡ ಹತ್ತಿಲ್ಲ.

ಆ ಜೂನಿನಲ್ಲಿ ಶೀಲಾವತಿಗೆ ಹೊಸ ಕೆಲಸ ಸಿಕ್ಕಿತು. ಸುಟ್ಟ ನಲವತ್ತು ಎಕ್ರೆಯಲ್ಲಿ ತಾನಾಗಿ ಹುಟ್ಟುವ ಗಿಡಗಳನ್ನು ಹುಡುಕುವುದು, ಪಕ್ಕದಲ್ಲಿ ಗೂಟ ಹುಗಿಯುವುದು, ತಿಂಗಳಿಗೊಮ್ಮೆ ಎಣಿಸಿ ಹೇಳುವುದು. ಕಾಡು ತಾನೇ ಎದ್ದು ಬಂದರೆ ಬಿಟ್ಟುಬಿಡುವುದು, ಬಾರದಿದ್ದರೆ ಅಕೇಶಿಯ ನೆಡುವುದು ಎಂದು ಮೇಲಿನವರು ತೀರ್ಮಾನಿಸಿದ್ದರು.

ಮಳೆಯ ಜಿಲ್ಲೆಯಲ್ಲಿ ಬರ ಎಂದರೆ ಜನ ನಗುತ್ತಾರೆ. ಆದರೆ ಆ ವರ್ಷ ಮಳೆ ಮೂರು ವಾರ ತಡವಾಯಿತು. ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿ ಬೆಂಕಿಗೆ ಸಿಗದೆ ಉಳಿದಿದ್ದ ಧೂಪದ ಮರಗಳು ಬೀಜ ಉದುರಿಸಿದವು. ಧೂಪದ ಬೀಜಕ್ಕೆ ಕಾಯುವ ಶಕ್ತಿ ಇಲ್ಲ. ಬಿದ್ದ ಕೆಲವೇ ದಿನಗಳಲ್ಲಿ ನೆಲ ಒದ್ದೆಯಾಗದಿದ್ದರೆ ಒಣಗಿ ಹೋಗುತ್ತದೆ. ಹೆಚ್ಚಿನವು ಕಾದ ಕೆಂಪು ಮುರಕಲ್ಲಿನ ನೆಲದ ಮೇಲೆಯೇ ಸತ್ತವು. ಆದರೂ ಆಗಸ್ಟಿನಲ್ಲಿ ಧೂಪ, ಮರ್ವ, ಹೊನ್ನೆ ಸೇರಿ ಸಾವಿರದ ನೂರ ನಲವತ್ತು ಗಿಡಗಳಿಗೆ ಶೀಲಾವತಿ ಗೂಟ ಹುಗಿದರು.

ಅಕ್ಟೋಬರಿನ ಗುಡುಗು ಮಳೆ ಬರಲೇ ಇಲ್ಲ. ನೆರಳಿದ್ದ ಕಾಡಿನೊಳಗೆ ಫೆಬ್ರವರಿವರೆಗೆ ಉಳಿಯುವ ತಂಪು, ಬೋಳಾದ ಈ ಗುಡ್ಡದಲ್ಲಿ ಡಿಸೆಂಬರಿಗೇ ಆರಿತು. ಬೆರಳುದ್ದದ ಬೇರುಗಳಿಗೆ ಕೆಳಗಿನ ತೇವ ಎಟುಕಲಿಲ್ಲ. ಡಿಸೆಂಬರಿನಲ್ಲಿ ಮುನ್ನೂರ ಎಂಬತ್ತು ಗಿಡ. ಫೆಬ್ರವರಿಯಲ್ಲಿ ಇನ್ನೂರ ಹನ್ನೆರಡು. ಎಣಿಸುವುದಷ್ಟೇ ಅವರ ಕೆಲಸ, ನೀರು ಹೊಯ್ಯಲು ಯಾರೂ ಹೇಳಿರಲಿಲ್ಲ. ತಾವಾಗಿಯೇ ಹೊಯ್ಯತೊಡಗಿದರು. ಅದೇ ತಿಂಗಳು ತೋಡಿನ ಒರತೆಯೂ ಬತ್ತಿತು.

ಗುಡ್ಡದ ಬುಡದ ಮನೆಯ ಫೌಝಿಯಾ ತಮ್ಮ ಬೋರಿನ ನೀರು ಕೊಟ್ಟರು. ಆದರೆ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೊರಲಾಗುತ್ತಿರಲಿಲ್ಲ. ದಿನ ಬಿಟ್ಟು ದಿನ ಹೊಯ್ದರೂ ಎಪ್ಪತ್ತು ಗಿಡ ದಾಟುತ್ತಿರಲಿಲ್ಲ. ಯಾವುದನ್ನು ಬಿಡುವುದು ಎಂದು ಅವರೇ ಆರಿಸಬೇಕಾಯಿತು. ಬಿಟ್ಟ ಗಿಡಗಳ ಗೂಟವನ್ನು ತಾವೇ ಕಿತ್ತರು.

"ಗೂಟ ಕೀಳುವಾಗ ಅದು ಹಸುರೇ ಇತ್ತು. ಮತ್ತೆ ಆ ಬದಿಗೆ ನಾನು ಹೋಗ್ಲಿಲ್ಲ."

ಮೇ ಕೊನೆಗೆ ಉಳಿದದ್ದು ನಲವತ್ತಾರು. ಮರುವರ್ಷ ಏಪ್ರಿಲಿನಲ್ಲಿ ಎರಡು ದಿನ ಜೋರು ಮಳೆ ಬಂತು. ನೂರಾರು ಬೀಜ ಕಣ್ಣುಬಿಟ್ಟವು. ಆಮೇಲೆ ಐದು ವಾರ ಬರೀ ಬಿಸಿಲು. ಹೊಸ ಮೊಳಕೆಗಳಲ್ಲಿ ಒಂದೂ ಉಳಿಯಲಿಲ್ಲ. ಹಳೆಯ ನಲವತ್ತಾರರಲ್ಲಿ ಈಗ ಇರುವುದು ಹದಿನೇಳು. ಖಾಲಿ ಜಾಗವನ್ನೆಲ್ಲ ಇಲ್ಲಿನವರು ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಕಳೆ ಹಿಡಿದಿದೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದು ಮಾರ್ಚಿಗೆ ಒಣ ಸೌದೆಯಾಗುವ ಈ ಕಳೆ, ಇನ್ನೊಂದು ಬೆಂಕಿಗೆ ತಯಾರಾಗಿಯೇ ನಿಂತಿರುತ್ತದೆ. ಪ್ರತಿ ಗಿಡದ ಸುತ್ತ ಎರಡು ಮಾರು ಅಗಲ ಅದನ್ನು ಕಡಿಯುವುದು ಶೀಲಾವತಿಯ ಇನ್ನೊಂದು ಕೆಲಸ. ಇದನ್ನೂ ಯಾರೂ ಹೇಳಿಲ್ಲ.

"ಬೆಂಕಿಗಿಂತ ಬಿಸಿಲು ಕೊಂದದ್ದೇ ಜಾಸ್ತಿ. ಬೆಂಕಿಗೆ ನಾಲ್ಕು ದಿವಸ ಜನ ಬಂದ್ರು, ಪೇಪರಿನವ್ರೂ ಬಂದ್ರು. ಬಿಸಿಲಿಗೆ ಯಾರು ಬರುದು ಮಾರಾಯ್ರೆ?"

ಅವರು ಹೇಳಿದ ಲೆಕ್ಕಕ್ಕೆ ಏನಾಯಿತು ಎಂಬುದು ಗೊತ್ತಾದದ್ದು ಅರಣ್ಯ ಗಾರ್ಡ್ ಸಂಪ್ರೀತ್ ಅವರಿಂದ. ವರ್ಗವಾಗಿ ಹೋಗುವ ಮುನ್ನ ಶೀಲಾವತಿಯ ಮನೆಗೆ ಬಂದು ಅವರು ಎಲ್ಲವನ್ನೂ ಹೇಳಿದರು. ಮೊದಲ ವರ್ಷದ ವರದಿಯಲ್ಲಿ ನಲವತ್ತಾರು ಎಂಬುದು ನಾನೂರ ಅರುವತ್ತಾಗಿತ್ತು. ಕಾಡು ಚೇತರಿಸುತ್ತಿದೆ ಎಂದು ತೋರಿಸುವುದು ಆಗ ಯಾರಿಗೋ ಬೇಕಿತ್ತು. ಈ ವರ್ಷ ಬೇಕಾದದ್ದು ಅಕೇಶಿಯ. ಜೀಪು ಹೋಗುವಷ್ಟು ದೂರ ಬಂದು ನೋಡಿದ ಮೇಲಿನವರೊಬ್ಬರು, ಹದಿನೇಳರ ಜಾಗದಲ್ಲಿ 'ಇಲ್ಲ' ಎಂದು ಬರೆಸಿದರು.

ಜೀಪು ಬಂದ ದಿನ ಶೀಲಾವತಿ ಅಲ್ಲೇ ಇದ್ದರು. ಧೂಪದ ಗಿಡ ತೋರಿಸುತ್ತೇನೆ ಬನ್ನಿ ಎಂದು ಕರೆದರಂತೆ. ಬಂದವರು ಗಡಿಯಾರ ನೋಡಿಕೊಂಡರಂತೆ.

"ಒಂದು ವರ್ಷ ಇಲ್ಲದ್ದನ್ನು ಉಂಟು ಅಂತ ಬರೆದ್ರು. ಈಗ ಇದ್ದದ್ದನ್ನು ಇಲ್ಲ ಅಂತ. ಹಾಗಾದ್ರೆ ನನ್ನತ್ರ ಎಣಿಸ್ಲಿಕ್ಕೆ ಹೇಳಿದ್ದು ಎಂತಕ್ಕೆ?"

ಎಣಿಸುವ ಕೆಲಸ ಮಾರ್ಚಿಗೇ ಮುಗಿದಿದೆ. ಅಂದರೆ ಈ ಬೆಳಗಿನ ಏರುವಿಕೆಗೆ ಕೂಲಿಯೂ ಇಲ್ಲ. ಮನೆಯಲ್ಲಿ ಬೆಳ್ಯಪ್ಪ ಈ ವಿಷಯ ಮಾತಾಡುವುದನ್ನೇ ಬಿಟ್ಟಿದ್ದಾರೆ. ತನ್ನ ಕಾಲು ಅಕೇಶಿಯಕ್ಕಾಗಿ ಹೋಯಿತೇ ಎಂದು ಒಮ್ಮೆ ಕೇಳಿದ್ದರು, ಅಷ್ಟೇ.

ಬಿಸಿಲೇರುವ ಹೊತ್ತಿಗೆ ಕ್ಯಾನು ಖಾಲಿಯಾಗಿದೆ. ಜೂನಿನಲ್ಲಿ ಈ ಗುಡ್ಡದಲ್ಲಿ ಅಕೇಶಿಯ ನೆಡುವಾಗ ಕೆಲಸಕ್ಕೆ ಬರುವಂತೆ ಇಲಾಖೆಯವರು ಅವರಿಗೇ ಹೇಳಿ ಕಳಿಸಿದ್ದಾರೆ. ಹೋಗುತ್ತೀರಾ ಎಂದು ಕೇಳುತ್ತೇನೆ. ಶೀಲಾವತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ.

"ಹೋಗುದೇ. ಹಗ್ಗ ಹಿಡಿದು ಗುಂಡಿಗೆ ಗುರುತು ಹಾಕುದು ನಾನೇ ಅಲ್ವಾ? ಹದಿನೇಳು ಕಡೆ ಹಗ್ಗ ಸ್ವಲ್ಪ ಸೊಟ್ಟ ಹೋಗ್ತದೆ."