ಕುರ್ಚಿ ಪಾರ್ಟಿ

ಯಲ್ಲಾಪುರದ ಬದ್ರುದ್ದೀನ್ ಸಾಹೇಬರಿಗೆ ಲೋಕದಲ್ಲಿ ಎಲ್ಲಕ್ಕಿಂತ ಕೀಳಾಗಿ ಕಂಡದ್ದು ಮಸೀದಿಯ ಸಾಲಿನ ತುದಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗಳು. ಮಂಡಿ ಬಗ್ಗದ ಮುದುಕರು ಅವುಗಳಲ್ಲಿ ಕೂತು ನಮಾಜು ಮಾಡುತ್ತಿದ್ದರು. ಅರಬೈಲು ಘಟ್ಟದಲ್ಲಿ ಲಾರಿ ಓಡಿಸಿ ಮುದುಕರಾದ ಸಾಹೇಬರು ಅವರಿಗೆ 'ಕುರ್ಚಿ ಪಾರ್ಟಿ' ಎಂದು ಹೆಸರಿಟ್ಟಿದ್ದರು. "ಮದುವೆ ಊಟಕ್ಕೆ ಬಂದೋರ ಹಾಗೆ ಕೂತಿದಾರೆ ನೋಡು!"

ಅರವತ್ತೆಂಟನೇ ವಯಸ್ಸಿನಲ್ಲಿ, ಕೆಲವೇ ವಾರಗಳೊಳಗೆ, ಅವರ ಮಣಿಕಟ್ಟು, ಮಂಡಿ, ಪಾದದ ಗಂಟು ಬಾತುಕೊಂಡವು. ಬೆರಳ ತುದಿಗಳು ಉಬ್ಬಿ ಉರುಟಾದವು. ಹೆಂಡತಿ ರಜಿಯಾ ಹಠ ಮಾಡಿ ಶಿರಸಿಯ ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು ಮಂಡಿಗಿಂತ ಬೆರಳನ್ನೇ ಹೆಚ್ಚು ಹೊತ್ತು ನೋಡಿದರು.

"ಬೀಡಿ ಸೇದ್ತೀರಾ?"

"ಡ್ರೈವರ್ ಅಲ್ವಾ ಸಾರ್!"

"ಎಲ್ಲ ಗಂಟುನೋವೂ ಕ್ಯಾನ್ಸರ್ ಅಲ್ಲ. ಆದ್ರೆ ಈ ವಯಸ್ಸಲ್ಲಿ ಗಂಟು ದಿಢೀರಂತ ಬಾತು, ಬೆರಳ ತುದಿ ಹೀಗೆ ಉಬ್ಬಿದ್ರೆ, ಕೆಲವೊಮ್ಮೆ ಮೂಲ ಶ್ವಾಸಕೋಶದಲ್ಲಿರ್ತದೆ. ಎದೆ ಎಕ್ಸ್‌ರೇ ತೆಗೆಸಿ."

ಹೊರಗೆ ಬಂದದ್ದೇ ಸಾಹೇಬರು ಉಗಿದರು. "ಹಿಂದಿನ ಟೈರು ಪಂಚರ್ ಆದ್ರೆ ಇವ ರೇಡಿಯೇಟರ್ ಬಿಚ್ತಾನೆ. ಯಾವ ಗ್ಯಾರೇಜಲ್ಲಿ ಕಲಿತನೋ!" ಎಕ್ಸ್‌ರೇ ತೆಗೆಸದೆ ಬಸ್ಸು ಹತ್ತಿದರು. ರಜಿಯಾ ಡಾಕ್ಟರ ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡರು.

ಶುಕ್ರವಾರ ನೆಲಕ್ಕೆ ಹಣೆ ಹಚ್ಚಿದವರಿಗೆ ಏಳಲಾಗಲಿಲ್ಲ. ಸಾಲೆಲ್ಲ ಎದ್ದು ನಿಂತಿತು, ಅವರೊಬ್ಬರೇ ಕೆಳಗುಳಿದರು. ನಮಾಜು ಮುಗಿದಾಗ ಕುರ್ಚಿ ಪಾರ್ಟಿಯ ಸಮೀಉಲ್ಲಾ ಕುಂಟುತ್ತ ಬಂದು ಅವರನ್ನು ಎತ್ತಿ ಗೋಡೆಗೆ ಒರಗಿಸಿದ. ಒಂದು ಕಾಲದಲ್ಲಿ ಅವರ ಲಾರಿಯಲ್ಲೇ ಕ್ಲೀನರ್ ಆಗಿದ್ದವನು. ಡಾಕ್ಟರ ಮಾತನ್ನು ರಜಿಯಾ ಅವನಿಗೆ ಆಗಲೇ ತಿಳಿಸಿದ್ದರು.

"ಉಸ್ತಾದ್, ಘಟ್ಟದಲ್ಲಿ ಸ್ಟೇರಿಂಗ್ ನಡುಗಿದಾಗ ನಾನು ಸ್ಟೇರಿಂಗೇ ಕೆಟ್ಟಿದೆ ಅಂದಿದ್ದೆ. ನೀವೆಂತ ಅಂದ್ರಿ?"

ಸಾಹೇಬರು ಮುಖ ತಿರುಗಿಸಿದರು.

"'ಕತ್ತೆ, ನಡುಗೋದು ಇಲ್ಲಿ, ಕೆಟ್ಟಿರೋದು ಚಕ್ರದಲ್ಲಿ' ಅಂತ ತಲೆಗೆ ಬಾರಿಸಿದ್ರಿ. ಈಗ ಹೇಳಿ, ಕತ್ತೆ ಯಾರು?"

ಮರುದಿನ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಗಡ್ಡೆ ಕಾಣಿಸಿತು. ಕ್ಯಾನ್ಸರೇ, ಆದರೆ ಹರಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ತೆಗೆದರು. ಗಡ್ಡೆ ಹೋದದ್ದೇ ಕೈಕಾಲಿನ ಬಾವು ಇಳಿಯತೊಡಗಿತು. ಬೀಡಿ ಬಿಟ್ಟರು. ಮಂಡಿಗೆ ಹಳೆಯ ಬಲ ಮಾತ್ರ ಬರಲಿಲ್ಲ.

ಈಗ ಸಮೀಉಲ್ಲಾನ ಪಕ್ಕದ ಕುರ್ಚಿ ಸಾಹೇಬರದು. ನಮಾಜು ಮುಗಿದು, ನೆಲದಿಂದ ನರಳುತ್ತ ಏಳುವ ಮುದುಕರನ್ನು ಕಂಡರೆ ಅವರ ತುಟಿ ಇಂದಿಗೂ ಸೊಟ್ಟಗಾಗುತ್ತದೆ.

"ನೋಡೋ ಆ ಡಕೋಟ ಗಾಡಿಗಳನ್ನ. ಗ್ಯಾರೇಜಿಗೆ ಹೋಗೋ ಬುದ್ಧಿಯೇ ಇಲ್ಲ!"